ಸದ್ದಿನ ಮನೆಯಲ್ಲಿ ಹುಟ್ಟಿದವನು

ನಮ್ಮಜ್ಜನ ಎಡಗಿವಿ ಕೇಳುವುದಿಲ್ಲ. ಏನಾದರೂ ಹೇಳಬೇಕಾದರೆ ಬಲಕ್ಕೆ ಹೋಗಿ ಕೂರುವುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ. ವಯಸ್ಸಾಯಿತು, ಕಿವಿ ಮಂದವಾಯಿತು ಎಂದೇ ನಾನು ತಿಳಿದಿದ್ದೆ. ಒಂದೇ ಕಿವಿಗೆ ಯಾಕೆ ವಯಸ್ಸಾಯಿತು ಎಂದು ಯೋಚಿಸಿರಲಿಲ್ಲ. ಐದನೇ ಸೆಮಿಸ್ಟರ್‌ನ ಸೆಮಿನಾರಿಗಾಗಿ ಓದಲು ಕೂತಾಗ ಕಾರಣ ಸಿಕ್ಕಿತು. ಅಜ್ಜನಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಬಂದೂಕಿದೆ. ಬಲಗೈಯವರು ಬಂದೂಕನ್ನು ಬಲ ಹೆಗಲಿಗೆ ಒತ್ತಿ ಹಿಡಿದಾಗ ತಲೆ ಓರೆಯಾಗುತ್ತದೆ. ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗುತ್ತದೆ. ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಕತ್ತಲಗೆರೆಯ ನಮ್ಮ ಹೊಲದಲ್ಲಿ ಮೂವತ್ತು ವರ್ಷ ಹಂದಿ ಓಡಿಸಿದ್ದರ ಲೆಕ್ಕ ಆ ಕಿವಿಯಲ್ಲಿದೆ.

ಸೆಮಿನಾರ್ ವಿಷಯ ಸೈಲೆನ್ಸರ್. ಅದು ನನಗೇ ಬಂದದ್ದಕ್ಕೆ ಕಾರಣವಿದೆ. ಹೋದ ವರ್ಷ ಬೈಕಿನ ಸೈಲೆನ್ಸರ್ ಬಿಚ್ಚಿಸಿ, ಬೀದಿಯವರೆಲ್ಲ ತಿರುಗಿ ನೋಡುವಂಥದ್ದನ್ನು ಹಾಕಿಸಿಕೊಂಡು ದಾವಣಗೆರೆಯಲ್ಲಿ ದಂಡ ಕಟ್ಟಿದವನು ನಾನು. ಕ್ಲಾಸಿಗೆಲ್ಲ ಗೊತ್ತಿದ್ದ ಸಂಗತಿ. ಮೇಷ್ಟ್ರು ನಗುತ್ತಾ ನನ್ನ ಹೆಸರಿನ ಮುಂದೆ ಈ ವಿಷಯ ಬರೆದರು. ಓದುತ್ತಾ ಬೈಕಿನಿಂದ ಬಂದೂಕಿಗೆ, ಬಂದೂಕಿನಿಂದ ಹಿರಾಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್‌ನ ಬಳಿಗೆ ಬಂದೆ. ಸೆಮಿನಾರ್ ಮುಗಿದು ತಿಂಗಳುಗಳಾದರೂ ಆತ ನನ್ನನ್ನು ಬಿಟ್ಟಿಲ್ಲ.

ಪರ್ಸಿ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪನ ಹೆಸರೂ ಹಿರಾಮ್. 1884ರಲ್ಲಿ ಮ್ಯಾಕ್ಸಿಮ್ ಗನ್ ಮಾಡಿದ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್ ಈತನೇ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಬಲದಿಂದಲೇ ಮುಂದಿನ ಗುಂಡನ್ನು ತುಂಬಿಕೊಳ್ಳುವ ಯಂತ್ರ ಅದು. ನಿಮಿಷಕ್ಕೆ ಸುಮಾರು 600 ಗುಂಡು. ಬ್ರಿಟಿಷರು 1904ರಲ್ಲಿ ಟಿಬೆಟ್‌ಗೆ ದಂಡೆತ್ತಿ ಹೋದಾಗ ಹಳೇ ಕೋವಿ, ಕತ್ತಿ ಹಿಡಿದಿದ್ದವರ ಎದುರು ಇದನ್ನೇ ಹೂಡಿದರು. ಚಿಕ್ಕಪ್ಪ ಹಡ್ಸನ್ ಸ್ಫೋಟಕಗಳ ತಜ್ಞ. ಒಟ್ಟಿನಲ್ಲಿ ಸದ್ದಿನ ಮನೆತನ. ವರ್ಷಗಟ್ಟಲೆ ತನ್ನದೇ ಬಂದೂಕುಗಳ ಪಕ್ಕ ನಿಂತ ಅಪ್ಪ ಕೊನೆಗೆ ಕಿವುಡನಾದ. ಅಷ್ಟರಲ್ಲಿ ಆತ ಹೆಂಡತಿ ಮಕ್ಕಳನ್ನು ಅಮೆರಿಕದಲ್ಲೇ ಬಿಟ್ಟು ಲಂಡನ್ ಸೇರಿ ಆಗಿತ್ತು. ಪರ್ಸಿ ಬೆಳೆದದ್ದು ಅಮ್ಮನ ಜತೆ, ಇಬ್ಬರು ತಂಗಿಯರ ನಡುವೆ. ಮುಂದೆ ಅಪ್ಪನ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅದರಲ್ಲಿ ದೂರಿಗಿಂತ ನಗುವೇ ಹೆಚ್ಚು. ನನಗಾದರೆ ಅಷ್ಟು ದೊಡ್ಡ ಮನಸ್ಸು ಇರುತ್ತಿರಲಿಲ್ಲ.

1886ರಲ್ಲಿ, ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ವಯಸ್ಸಿನಲ್ಲಿ, ಈ ಹುಡುಗ ಎಂಐಟಿಯಿಂದ ಓದು ಮುಗಿಸಿ ಹೊರಬಂದ. ಆ ಸಂಸ್ಥೆ ಆಗ ಬೋಸ್ಟನ್‌ನಲ್ಲಿತ್ತು. ನಂತರ ಲಿನ್ ಎಂಬ ಊರಿನ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ. 1892ರ ಒಂದು ರಾತ್ರಿ ಸೇಲಂ ಊರಿನಿಂದ ಸೈಕಲ್ ತುಳಿದುಕೊಂಡು ವಾಪಸು ಬರುತ್ತಿದ್ದಾಗ, ಈ ಕಾಲು ನೋವಿಗೆ ಬದಲು ಒಂದು ಪುಟ್ಟ ಎಂಜಿನ್ ಇದ್ದರೆ ಎಂದು ಅನಿಸಿತಂತೆ. ಪೆಟ್ರೋಲ್ ಹೇಗೆ ಉರಿಯುತ್ತದೆ ಎಂಬುದೇ ಆತನಿಗೆ ಸರಿಯಾಗಿ ಗೊತ್ತಿರಲಿಲ್ಲ. ಫಿರಂಗಿಯ ಖಾಲಿ ಕಾಡತೂಸಿನೊಳಗೆ ಒಂದು ಹನಿ ಪೆಟ್ರೋಲ್ ಬಿಟ್ಟು ಕಡ್ಡಿ ಗೀರಿ ಹಾಕಿಯೇ ಕಲಿತ. ನಮ್ಮ ಲ್ಯಾಬಿನಲ್ಲಿ ಹಾಗೆ ಮಾಡಿದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಬಾ ಎಂದು ಕಳಿಸುತ್ತಾರೆ. ಮೂರು ವರ್ಷ ಬಿಡುವಿನ ವೇಳೆಯಲ್ಲಿ ಒದ್ದಾಡಿ ಎಂಜಿನ್ ಕೂರಿಸಿದ ಮೂರು ಚಕ್ರದ ಬಂಡಿ ಮಾಡಿದ. 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಸೈಕಲ್ ಕಂಪನಿ ಆತನನ್ನು ಮೋಟಾರು ವಿಭಾಗಕ್ಕೆ ಕರೆದುಕೊಂಡಿತು. ಅಲ್ಲಿ ಬ್ಯಾಟರಿ ಕಾರುಗಳ ಮೇಲೂ ದುಡಿದ. ಈಗ ನಮ್ಮ ಕಾಲೇಜಿನ ಅರ್ಧ ಪ್ರಾಜೆಕ್ಟುಗಳು ಇವಿ ಮೇಲೆಯೇ ಇವೆ!

ಇನ್ನು ಸೈಲೆನ್ಸರ್. ಬಂದೂಕಿನ ಸದ್ದಿನಲ್ಲಿ ದೊಡ್ಡ ಪಾಲು ಗುಂಡಿನದಲ್ಲ, ಅದರ ಹಿಂದೆ ನಳಿಗೆಯಿಂದ ಒಮ್ಮೆಲೇ ನುಗ್ಗುವ ಬಿಸಿ ಅನಿಲದ್ದು. ಬಚ್ಚಲಿನ ನೀರು ತೂತಿನ ಬಳಿ ಸುತ್ತಿ ಸುತ್ತಿ ಇಳಿಯುವುದನ್ನು ನೋಡಿ ಪರ್ಸಿಗೆ ಉಪಾಯ ಹೊಳೆಯಿತು ಎಂಬ ಕತೆ ಇದೆ. ಅನಿಲವನ್ನೂ ಹಾಗೆ ಸುತ್ತಿಸಿ, ತಡೆದು, ನಿಧಾನವಾಗಿ ಹೊರಬಿಟ್ಟರೆ ಸದ್ದು ತಗ್ಗುತ್ತದೆ. 1909ರ ಮಾರ್ಚ್ 30ರಂದು ಅಮೆರಿಕದ 916,885ನೇ ಪೇಟೆಂಟ್ ಆತನಿಗೆ ಸಿಕ್ಕಿತು. ಹಾರ್ಟ್‌ಫರ್ಡ್‌ನಲ್ಲೇ ಕಂಪನಿ ಕಟ್ಟಿದ. ನೆರೆಹೊರೆಯವರಿಗೆ ತೊಂದರೆ ಕೊಡದೆ ಗುರಿ ಅಭ್ಯಾಸ ಮಾಡಲಿಕ್ಕೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲೇ ಮಾರಿದ. ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಕೂಡ ತಮ್ಮ ರೈಫಲ್ಲಿಗೆ ಒಂದನ್ನು ಹಾಕಿಸಿಕೊಂಡಿದ್ದರು.

ಸಿನಿಮಾದಲ್ಲಿ ತೋರಿಸುವಂತೆ ಉಫ್ ಎಂದು ಊದಿದಷ್ಟೇ ಸದ್ದು ಬರುತ್ತದೆ ಎಂದು ನಾನೂ ನಂಬಿದ್ದೆ. ಅದು ಸುಳ್ಳು. ರೈಫಲ್ಲಿನ ಸದ್ದು 140 ಡೆಸಿಬೆಲ್‌ಗಿಂತ ಹೆಚ್ಚು. ಅಷ್ಟಾದರೆ ಒಂದೇ ಏಟಿಗೆ ಕಿವಿಗೆ ಹಾನಿಯಾಗಬಹುದು. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 30 ಡೆಸಿಬೆಲ್ ಇಳಿಸುತ್ತದೆ. ಉಳಿದದ್ದೂ ಸಣ್ಣ ಸದ್ದೇನಲ್ಲ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಗಾಳಿಯಲ್ಲಿ ಚಟೀರ್ ಎನ್ನುತ್ತದಲ್ಲ, ಅದನ್ನು ನಳಿಗೆಯ ತುದಿಗೆ ಏನು ಸಿಕ್ಕಿಸಿದರೂ ನಿಲ್ಲಿಸಲಾಗದು. ಅಂದರೆ ಇದರ ನಿಜವಾದ ಲಾಭ ಹಾರಿಸುವವನ ಕಿವಿಗೆ, ಪಕ್ಕದ ಊರಿನ ನಿದ್ದೆಗೆ. ನಾರ್ವೆ, ನ್ಯೂಜಿಲೆಂಡ್‌ಗಳಲ್ಲಿ ಬೇಟೆಗಾರರು ಮಾಮೂಲಿ ಸಾಮಾನಿನಂತೆ ಇದನ್ನು ಕೊಳ್ಳುತ್ತಾರೆ.

ಪರ್ಸಿಯ ದೇಶದಲ್ಲಿ ಮಾತ್ರ ಅದು ಅಪರಾಧಿಯ ಸಾಮಾನು ಎನಿಸಿಕೊಂಡಿತು. ಗ್ಯಾಂಗುಗಳ ಹಾವಳಿಗೆ ಹೆದರಿ 1934ರಲ್ಲಿ ತಂದ ಕಾಯ್ದೆ, ಮಷಿನ್ ಗನ್ನಿನ ಜತೆ ಸೈಲೆನ್ಸರನ್ನೂ ಸೇರಿಸಿತು. ನೋಂದಣಿ ಕಡ್ಡಾಯ, ಕೈ ಬದಲಾದರೆ 200 ಡಾಲರ್ ತೆರಿಗೆ. ಆ ಕಾಲಕ್ಕೆ ಅದು ಸಾಮಾನಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಆ ತೆರಿಗೆ ಸೊನ್ನೆಗೆ ಇಳಿದದ್ದು 2026ರ ಜನವರಿಯಲ್ಲಿ. ನೋಂದಣಿ ಈಗಲೂ ಇದೆ. ಅಪ್ಪ ಮಾಡಿದ ಬಂದೂಕು ಎಷ್ಟು ಜನರನ್ನು ಕೊಂದಿತೋ, ಆತನಿಗೆ ಇಂಗ್ಲೆಂಡಿನಲ್ಲಿ ಸರ್ ಪದವಿ ಸಿಕ್ಕಿತು. ಮಗ ಸದ್ದು ತಗ್ಗಿಸಿದ್ದು ಪೊಲೀಸರ ಪಟ್ಟಿ ಸೇರಿತು. ಇದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು.

ನಮ್ಮ ದೇಶದ ಕಾನೂನು ಇನ್ನೂ ನೇರ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಎಂದರೇನು ಎಂದು ವಿವರಿಸುವ ಕಡೆಯೇ, ಸದ್ದು ಅಥವಾ ಬೆಂಕಿಯ ಮಿಂಚನ್ನು ತಗ್ಗಿಸುವ ಉಪಕರಣವೂ ಸೇರಿದೆ. ಅಂದರೆ ಖಾಲಿ ಸೈಲೆನ್ಸರ್ ಕೂಡ ಕಾನೂನಿನ ಕಣ್ಣಿಗೆ ಬಂದೂಕೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಜೈಲು. ಕಳ್ಳಬೇಟೆಯ ಕತೆಗಳನ್ನು ಕೇಳುತ್ತಾ ಬೆಳೆದವನಿಗೆ ಇದು ತಪ್ಪು ಎನಿಸುವುದಿಲ್ಲ. ಕಾಡಿನ ಗಾರ್ಡಿಗೆ ಕಳ್ಳನ ಸುಳಿವು ಸಿಗುವುದೇ ಸದ್ದಿನಿಂದ. ನನ್ನ ಸಿಟ್ಟು ಅರ್ಧ ಇಳಿದದ್ದು ಇಲ್ಲಿ.

ಉಳಿದರ್ಧ ಇಳಿದದ್ದು ಪರ್ಸಿ ಮುಂದೇನು ಮಾಡಿದ ಎಂದು ಓದಿದಾಗ. ಬಂದೂಕಿನ ವ್ಯಾಪಾರ ಕೈಬಿಡುವ ಮೊದಲೇ ಆತ ಅದೇ ತತ್ವವನ್ನು ಎಂಜಿನ್, ಕಂಪ್ರೆಸರುಗಳ ಹೊಗೆ ಕೊಳವೆಗೆ ಒಗ್ಗಿಸಿದ್ದ. 1920ರ ದಶಕದಲ್ಲಿ ಕಂಪನಿ ಪೂರ್ತಿ ಆ ಕಡೆಗೇ ಹೊರಳಿತು. ಬೈಕು, ಕಾರಿನ ಸೈಲೆನ್ಸರನ್ನೂ ಈತನೇ ಮೊದಲು ಕಂಡುಹಿಡಿದ ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. ರೀವ್ಸ್ ಸಹೋದರರು 1897ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಕಾರ್ಖಾನೆಯ ಗದ್ದಲ ತಗ್ಗಿಸುವುದನ್ನು ಒಂದು ಕಸುಬಾಗಿ ಬೆಳೆಸಿದವರಲ್ಲಿ ಈತ ಮುಂಚೂಣಿಯವನು.

ಆತನ ಹೆಸರು ಹೆಚ್ಚು ಉಳಿದದ್ದು ಮಾತ್ರ ಇನ್ನೊಂದು ಕಡೆ. ಹವ್ಯಾಸಿ ರೇಡಿಯೊ ಹುಚ್ಚು ಹಿಡಿಸಿಕೊಂಡಿದ್ದ ಪರ್ಸಿಗೆ 1914ರಲ್ಲಿ ಒಂದು ವ್ಯಾಕ್ಯೂಮ್ ಟ್ಯೂಬ್ ಬೇಕಾಗಿತ್ತು. ಅದು ಇದ್ದದ್ದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹಾರ್ಟ್‌ಫರ್ಡ್‌ನಿಂದ ಆತನ ಸಂದೇಶ ಅಲ್ಲಿಗೆ ಮುಟ್ಟಲಿಲ್ಲ. ನಡುವಿನ ವಿಂಡ್ಸರ್ ಲಾಕ್ಸ್‌ನ ಹವ್ಯಾಸಿಯೊಬ್ಬರು ಕೇಳಿಸಿಕೊಂಡು ಮುಂದಕ್ಕೆ ದಾಟಿಸಿದರು. ಹೀಗೆ ಕೈಯಿಂದ ಕೈಗೆ ದಾಟಿಸಿದರೆ ದೇಶದುದ್ದಕ್ಕೂ ಮಾತು ಮುಟ್ಟಿಸಬಹುದಲ್ಲ ಎಂದು ಕ್ಲಾರೆನ್ಸ್ ಟಸ್ಕಾ ಎಂಬ ಹದಿಹರೆಯದ ಹುಡುಗನ ಜತೆ ಸೇರಿ ಅಮೆರಿಕನ್ ರೇಡಿಯೊ ರಿಲೇ ಲೀಗ್ ಕಟ್ಟಿದ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಹವ್ಯಾಸಿಗಳ ಬಾಯಿ ಮುಚ್ಚಿಸಿದಾಗ, ಯುದ್ಧ ಮುಗಿದ ಮೇಲೆ ಮತ್ತೆ ಪರವಾನಗಿ ಕೊಡಿಸಲು ಹೋರಾಡಿದ್ದು ಇದೇ ಸಂಸ್ಥೆ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಪರ್ಸಿಯೇ ಅದರ ಮೊದಲ ಅಧ್ಯಕ್ಷ. 1936ರ ಫೆಬ್ರುವರಿಯಲ್ಲಿ ರೈಲಿನಲ್ಲಿ ಪ್ರವಾಸ ಹೊರಟಿದ್ದಾಗ ಕಾಯಿಲೆ ಬಿದ್ದು, ಕೊಲರಾಡೊದ ಲಾ ಹುಂಟಾ ಎಂಬ ಊರಲ್ಲಿ ತೀರಿಕೊಂಡ. 66 ವರ್ಷವಾಗಿತ್ತು. ಆತನ ಕರೆ ಸಂಕೇತ ಡಬ್ಲ್ಯೂ1ಎಡಬ್ಲ್ಯೂ ಇಂದಿಗೂ ಲೀಗಿನ ನಿಲ್ದಾಣದಿಂದ ಗಾಳಿಯಲ್ಲಿ ಕೇಳಿಸುತ್ತದೆ.

ಇದನ್ನೆಲ್ಲ ಅಜ್ಜನಿಗೆ ಬಲಕ್ಕೆ ಕೂತು ಹೇಳಿದೆ. ಸೈಲೆನ್ಸರ್ ಇದ್ದಿದ್ದರೆ ಕಿವಿ ಉಳಿಯುತ್ತಿತ್ತು ಎಂದೆ. ಅಜ್ಜ ನಕ್ಕುಬಿಟ್ಟ. ಆತ ಹಾರಿಸುತ್ತಿದ್ದದ್ದು ಗಾಳಿಗೆ. ಮೆಕ್ಕೆಜೋಳಕ್ಕೆ ನುಗ್ಗಿದ ಹಂದಿ ಓಡುತ್ತಿದ್ದದ್ದು ಸದ್ದಿಗೆ. ಸದ್ದೇ ಇಲ್ಲದ ಬಂದೂಕು ನಮ್ಮ ಹೊಲದಲ್ಲಿ ಯಾವ ಕೆಲಸಕ್ಕೆ ಬರುತ್ತದೆ? ಸೆಮಿನಾರಿನಲ್ಲಿ ಹದಿನೆಂಟು ಸ್ಲೈಡ್ ಮಾಡಿದ ನನಗೆ ಈ ಸಣ್ಣ ಮಾತು ಹೊಳೆದಿರಲಿಲ್ಲ.

ಆ ಬಂದೂಕು ಚುನಾವಣೆ ಬಂದಾಗಲೆಲ್ಲ ಠಾಣೆ ಸೇರಿ, ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿದರೆ ಮನೆಗೆ ವಾಪಸು ಬರುತ್ತದೆ. ಹೋದ ಸಲ ಅದನ್ನು ತರಲು ಅಜ್ಜನ ಜತೆ ನಾನೂ ಹೋಗಿದ್ದೆ, ಕಂಪನಿಯ ಸೈಲೆನ್ಸರನ್ನೇ ಮತ್ತೆ ಕೂರಿಸಿದ ಬೈಕಿನಲ್ಲಿ. ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರ್ಖಾನೆಯವರು ಹಾಕಿಕೊಳ್ಳುವ ಕಿವಿ ಮುಚ್ಚುವ ಪಟ್ಟಿ ಕೊಂಡೆ. ಹಾರಿಸುವಾಗ ಇದನ್ನು ಹಾಕಿಕೋ ಅಜ್ಜ, ಉಳಿದ ಕಿವಿಯಾದರೂ ಇರಲಿ ಎಂದು ಕೊಟ್ಟೆ. ಅದು ಈಗ ಹೊಲದ ಗುಡಿಸಲಿನ ಗೂಟದಲ್ಲಿ ನೇತಾಡುತ್ತಿದೆ. ಹಾಕಿಕೊಂಡರೆ ಹಂದಿ ಬಂದದ್ದು ಕೇಳಿಸುವುದಿಲ್ಲವಂತೆ.