ಅರಸು ಬಿಟ್ಟುಹೋದ ಪಾಲಿನ ಲೆಕ್ಕ

ನ್ಯಾಯವಾದ ಹಂಚಿಕೆ ಯಾವುದೆಂಬ ಪ್ರಶ್ನೆಗೆ ಅರ್ಥಶಾಸ್ತ್ರ ಸೂತ್ರಗಳಲ್ಲಿ ಉತ್ತರ ಹುಡುಕುತ್ತದೆ. ಆಡಳಿತದಲ್ಲಿ ಬಹುಕಾಲ ಕಳೆದ ನನಗೆ ಮನವರಿಕೆಯಾದ ಸಂಗತಿ ಬೇರೆ. ಯಾರಿಗೆಷ್ಟು ಎಂಬುದಕ್ಕೆ ಮೊದಲೇ ಪಾಲುದಾರರು ಯಾರು, ತೀರ್ಮಾನಿಸಲು ಕುಳಿತವರು ಯಾರು ಎಂಬುದು ಇತ್ಯರ್ಥವಾಗಿರುತ್ತದೆ. ಡಿ. ದೇವರಾಜ ಅರಸು ಅವರ ಬದುಕು ಇದಕ್ಕೆ ನಿದರ್ಶನ.

1915ರಲ್ಲಿ ಜನಿಸಿದ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪದವಿ ಪಡೆದ ಬಳಿಕ ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೂ 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೂ ಆಯ್ಕೆಯಾದರು. ರಾಜಮನೆತನದ ನಂಟಿದ್ದರೂ ಅವರ ಸಮುದಾಯ ಸಂಖ್ಯೆಯಲ್ಲಿ ಅತಿ ಚಿಕ್ಕದು. ಜಾತಿಬಲವಿಲ್ಲದೆ 1972ರಲ್ಲಿ ಮುಖ್ಯಮಂತ್ರಿಯಾದ ಅವರು, ಅಧಿಕಾರದ ಪಂಕ್ತಿಯಲ್ಲಿ ಎಂದೂ ಎಲೆ ಹಾಕಿಸಿಕೊಳ್ಳದವರನ್ನು ಕರೆದು ಕೂರಿಸಿದರು. ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ನೀಡಿದ ವರದಿ ಹಿಂದುಳಿದವರ ಮೀಸಲಾತಿಗೆ ಹೊಸ ತಳಹದಿಯಾಯಿತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಇನ್ನೂ ದಿಟ್ಟವಾದುದು. ಗೇಣಿದಾರರ ಅರ್ಜಿಗಳನ್ನು ಸಿವಿಲ್ ನ್ಯಾಯಾಲಯಗಳಿಂದ ಬಿಡಿಸಿ ತಾಲ್ಲೂಕು ಮಟ್ಟದ ಭೂನ್ಯಾಯ ಮಂಡಳಿಗಳಿಗೆ ಒಪ್ಪಿಸಲಾಯಿತು. ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ ಸರ್ಕಾರ ನಾಮಕರಣ ಮಾಡಿದ ಸದಸ್ಯರು ಕುಳಿತರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕಿತ್ತು. ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿ ಚೀಟಿಯಿಲ್ಲದ ಉಳುಮೆಗಾರನಿಗೆ ಅಕ್ಕಪಕ್ಕದ ಹೊಲದವರ ಸಾಕ್ಷ್ಯವೇ ಆಸರೆ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಆದರೆ ಕಾನೂನು ಗುರುತಿಸಿದ ಮುಖ್ಯ ಪಾಲುದಾರ ಗೇಣಿದಾರ. ಗೇಣಿ ವ್ಯಾಪಕವಾಗಿದ್ದ ಕರಾವಳಿ, ಮಲೆನಾಡುಗಳಿಗೆ ಹೆಚ್ಚಿನ ಫಲ ದಕ್ಕಿತು. ಗೇಣಿ ಅಷ್ಟಾಗಿಲ್ಲದ ಅರಸು ಅವರ ಸ್ವಂತ ಸೀಮೆಗೆ, ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳಿಗೆ ದೊರೆತದ್ದು ಕಡಿಮೆ. ಅಲ್ಲಿನ ಕೂಲಿಯಾಳು ಅರ್ಜಿ ಹಾಕಲು ಆಧಾರವೇ ಇರಲಿಲ್ಲ. ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರ ಬದುಕಂತೂ ಗೇಣಿಯ ಲೆಕ್ಕಕ್ಕೇ ಸಿಗುವಂಥದ್ದಲ್ಲ. ಅರಣ್ಯದ ಮೇಲಿನ ಅವರ ಹಕ್ಕನ್ನು ಮಾನ್ಯ ಮಾಡುವ ಕೇಂದ್ರ ಕಾಯ್ದೆ ಬಂದದ್ದು 2006ರಲ್ಲಿ.

1980ರ ಜನವರಿಯಲ್ಲಿ ಅಧಿಕಾರ ಬಿಟ್ಟ ಅರಸು 1982ರ ಜೂನ್ 6ರಂದು ತೀರಿಕೊಂಡರು. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಜಮೀನು ಕೊಳ್ಳಲು ಬಾಗಿಲು ತೆರೆಯಿತು. ಆ ತೀರ್ಮಾನಕ್ಕೆ ಕುಳಿತವರ ನಡುವೆ ಭೂಹೀನ ಕೂಲಿಕಾರರ ಪರವಾಗಿ ಎಷ್ಟು ಜನರಿದ್ದರು? ಅರಸು ಅವರ ಜಯಂತಿ ಆಚರಿಸುವ ಸರ್ಕಾರಗಳು ಉತ್ತರಿಸಬೇಕಾದ ಪ್ರಶ್ನೆಯಿದು.