ರೋಲರ್ ಎಳೆದ ಕೈ: ಪಲ್ವಂಕರ್ ಬಾಲೂ

ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಕ್ರಿಕೆಟ್ ಟೂರ್ನಮೆಂಟ್ ಅಂದ್ರೆ ಹಿಂದಿನ ದಿನಾನೇ ಯಾರೋ ಬಂದು ಪಿಚ್‌ಗೆ ನೀರು ಹೊಡೆದು, ರೋಲರ್ ಎಳೆದು ಹೋಗಿರ್ತಾರೆ. ಮ್ಯಾಚ್ ದಿನ ಮೈಕಿನಲ್ಲಿ ಅವರ ಹೆಸರು ಬರೋದಿಲ್ಲ. ಅಂಥ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಮುಂದೆ ಭಾರತದ ಮೊದಲ ದೊಡ್ಡ ಬೌಲರ್ ಆದ. ಹುಟ್ಟೂರು ನಮ್ಮ ಧಾರವಾಡ!

ಪಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ಚಮ್ಮಾರ ಕುಟುಂಬದಲ್ಲಿ. ತಂದೆ ಸೈನ್ಯದಲ್ಲಿದ್ದರು. ಬಾಲೂಗೆ ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ಮೈದಾನದ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಗ್ರೆಗ್ ಎಂಬ ಬ್ಯಾಟ್ಸ್‌ಮನ್ ಅಭ್ಯಾಸಕ್ಕೆ ಬಾಲೂ ಕೈಯಲ್ಲೇ ಬೌಲಿಂಗ್ ಮಾಡಿಸುತ್ತಿದ್ದರು. ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರಂತೆ. ಲೆಕ್ಕ ಹಾಕಿ, ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ! ಆದರೆ ಬ್ಯಾಟ್ ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಈ ಎಡಗೈ ಸ್ಪಿನ್ನರ್ ಬೇಕೇ ಬೇಕು ಅಂತ ಪುಣೆಯ ಹಿಂದೂ ತಂಡ ಕರೆಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಟೀ ಬ್ರೇಕ್ ಬಂದರೆ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ ಅವರಿಗೆ ಚಹಾ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ಬಣ್ಣದ ಗೋಡೆ ಒಡೆದದ್ದು 1947ರಲ್ಲಿ. ಅದು ಜಗತ್ತಿಗೇ ಗೊತ್ತು. ಬಾಲೂ ಅದಕ್ಕಿಂತ ಸುಮಾರು ಐವತ್ತು ವರ್ಷ ಮೊದಲೇ ಅಂಗಳಕ್ಕಿಳಿದಿದ್ದರು, ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

1906, ಬಾಂಬೆ. ಹಿಂದೂ ತಂಡದ ಎದುರು ಯುರೋಪಿಯನ್ನರು. ಗೆಲ್ಲಲು 212 ಬೇಕಿದ್ದ ಆಳುವವರ ತಂಡ 102ಕ್ಕೆ ಮುದುರಿತು. ಅದರ ಮುಖ್ಯ ಬೌಲರ್ ಬಾಲೂ. ಆ ಹೊತ್ತಿಗೆ ತಂಡದವರು ಅವರ ಜೊತೆ ಕೂತು ಉಣ್ಣತೊಡಗಿದ್ದರು. ವಿಕೆಟ್ ಬೀಳುತ್ತಾ ಹೋದಂತೆ ಮಡಿಯೂ ಸಡಿಲವಾಯ್ತು ಅನ್ನಿ!

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಹೆಚ್ಚಿನ ಪಂದ್ಯ ಸೋತಿತು. ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಆಮೇಲೆ ಬಾಲೂಗೆ ಉಪನಾಯಕನ ಪಟ್ಟ. ಅಷ್ಟೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. 1923ರಲ್ಲಿ ವಿಠ್ಠಲ್ ನಾಯಕರಾದರು, ಟೂರ್ನಿಯನ್ನೂ ಗೆದ್ದರು.

ಬಾಲೂ ಆಮೇಲೆ ರಾಜಕೀಯಕ್ಕೆ ಬಂದು, 1937ರ ಚುನಾವಣೆಯಲ್ಲಿ ಅಂಬೇಡ್ಕರ್ ಅವರ ಎದುರೇ ನಿಂತು ಸೋತರು. 1955ರಲ್ಲಿ ಬಾಂಬೆಯಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್.