ಬಿದನೂರಿನ ಶಿವಪ್ಪನಾಯಕನು

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ಸೀಮೆಗಳ ವಾಚಕರಿಗೆ ಕೆಳದಿ ಅರಸರ ಹೆಸರು ಹೊಸದಲ್ಲ. ಕೆಳದಿಯ ರಾಮೇಶ್ವರ ಗುಡಿ, ಇಕ್ಕೇರಿಯ ಅಘೋರೇಶ್ವರ ಗುಡಿ, ಬಿದನೂರು ನಗರದ ಕೋಟೆ, ತೀರ್ಥಹಳ್ಳಿ ಸೀಮೆಯ ಕವಲೇದುರ್ಗ, ಇವೆಲ್ಲಾ ಅವರ ಆಳಿಕೆಯ ಗುರುತುಗಳಾಗಿವೆ. ಈ ಗೋಡೆಗಳ ನೆರಳಿನಲ್ಲಿ ದನ ಕಾಯುತ್ತಾ ಬೆಳೆದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆದರೆ ಆ ಅರಸರಲ್ಲಿ ಶ್ರೇಷ್ಠನಾದ ಶಿವಪ್ಪನಾಯಕನ ವಿಷಯವಾಗಿ ಕೇಳಿದರೆ, ಕೋಟೆಗಳನ್ನು ಹಿಡಿದವನು, ಪರಂಗಿಯವರನ್ನು ಓಡಿಸಿದವನು ಎಂಬಿಷ್ಟೇ ಉತ್ತರ ಬರುವದು. ಆತನು ತನ್ನ ಕುಲದವರಲ್ಲದ, ತನ್ನ ಮತವನ್ನೂ ಮಾತನ್ನೂ ಅರಿಯದ ಜನರೊಡನೆ ಹೇಗೆ ನಡಕೊಂಡನೆಂಬದು ಅದಕ್ಕಿಂತ ತಿಳಿಯತಕ್ಕ ಸಂಗತಿ ಎಂದು ನಮಗೆ ತೋರುತ್ತದೆ. ಆದ್ದರಿಂದ ಆತನ ಚರಿತ್ರೆಯನ್ನು ಆ ಕಡೆಯಿಂದಲೇ ಇಲ್ಲಿ ಬರೆಯುತ್ತೇವೆ.

ಈ ಮನೆತನದ ಮೂಲವು ಬೇಸಾಯದಲ್ಲಿತ್ತು. ಕ್ರಿ. ಶ. 1500ರ ಸುಮಾರಿಗೆ ಕೆಳದಿಯಲ್ಲಿ ತಲೆಯೆತ್ತಿದ ಚೌಡಪ್ಪನು ಒಕ್ಕಲು ಮನೆಯ ಗೌಡನಾಗಿದ್ದನು. ಹೊಲ ಉಳುವಾಗ ನೇಗಿಲ ಗುಳಕ್ಕೆ ನಿಧಿಯ ಕೊಪ್ಪರಿಗೆ ತಗಲಿತೆಂದೂ, ಅದನ್ನು ತೆಗೆಯುವದಕ್ಕೆ ನರಬಲಿ ಬೇಕಾಗಲು ಎಡವ, ಮುರಾರಿ ಎಂಬ ಇಬ್ಬರು ಮನೆಯಾಳುಗಳು ತಾವಾಗಿಯೇ ಪ್ರಾಣವನ್ನು ಒಪ್ಪಿಸಿದರೆಂದೂ ಐತಿಹ್ಯವುಂಟು. ಕೊಪ್ಪರಿಗೆಯ ಕತೆಯನ್ನು ನಂಬುವವರು ನಂಬಲಿ. ಅಂಥ ಬಲಿಯನ್ನು ನಾವಂತೂ ಹೊಗಳಲಾರೆವು. ಆದರೆ ಕೆಳದಿ ಅರಸರ ಶಾಸನಗಳಲ್ಲಿ ಬರುವ ಬಿರುದುಗಳಲ್ಲಿ ಎಡವಮುರಾರಿ ಎಂಬದೂ ಒಂದು. ಆ ಇಬ್ಬರು ಆಳುಗಳ ನೆನಪಿಗಾಗಿಯೇ ಆ ಬಿರುದು ಹುಟ್ಟಿತೆಂದು ಜನರು ಅರ್ಥ ಹೇಳುತ್ತಾರೆ. ಇದು ನಿಜವಾದರೆ, ಗದ್ದೆಯ ಆಳುಗಳ ಹೆಸರನ್ನು ಅರಸರು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಂತಾಯಿತು. ಈ ಮಾತಿಗೆ ಮುಂದೆ ತಿರಿಗಿ ಬರುವೆವು.

ಇಕ್ಕೇರಿಯು ರಾಜಧಾನಿಯಾಗಿದ್ದ ಕಾಲದಲ್ಲಿಯೇ ಪರದೇಶದವರಿಗೆ ಅಲ್ಲಿ ಬಾಗಿಲು ತೆರೆದಿತ್ತು. 1623ನೆಯ ಇಸವಿಯಲ್ಲಿ ಪೋರ್ತುಗೀಸರ ರಾಯಭಾರಿಯೊಡನೆ ರೋಮ್ ಪಟ್ಟಣದ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿಯು ಘಟ್ಟ ಹತ್ತಿ ಇಕ್ಕೇರಿಗೆ ಬಂದು, ಹಿರಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು, ಕಂಡದ್ದನ್ನೆಲ್ಲಾ ಬರೆದಿಟ್ಟನು. ಆಗ ಗೋವೆಯಲ್ಲಿ ಈ ಅರಸನ ಪರವಾಗಿ ಮಾತಾಡುತ್ತಿದ್ದವನು ವಿಠಲ ಶೆಣೈ ಎಂಬ ಕೊಂಕಣಿ ಬ್ರಾಹ್ಮಣನು. ಅರಸನು ಲಿಂಗವಂತನು, ರಾಯಭಾರಿಯು ಬ್ರಾಹ್ಮಣನು, ಎದುರು ಪಕ್ಷದವರು ಕ್ರೈಸ್ತರು. ಆ ಕಾಲದ ರಾಜ್ಯಕಾರ್ಯವು ಹೀಗೆ ನಡೆಯುತ್ತಿತ್ತು.

ಮುಂದೆ 1637ರಲ್ಲಿ ವಿಜಾಪುರದ ಸೈನ್ಯವು ಇಕ್ಕೇರಿಯನ್ನು ಕೊಳ್ಳೆಹೊಡೆಯಿತು. ವೀರಭದ್ರನಾಯಕನು ರಾಜಧಾನಿಯನ್ನು ಕಾಡುಬೆಟ್ಟಗಳ ನಡುವಣ ಬಿದನೂರಿಗೆ ಸಾಗಿಸಿದನು. ಅದೇ ಈಗ ಹೊಸನಗರ ತಾಲೂಕಿಗೆ ಸೇರಿದ ನಗರ. ವೀರಭದ್ರನ ತರುವಾಯ 1645ರಲ್ಲಿ ಶಿವಪ್ಪನಾಯಕನು ಪಟ್ಟಕ್ಕೆ ಬಂದನು. ಸೋತು ಬಡವಾದ ರಾಜ್ಯವು ಆತನ ಕೈಗೆ ಬಂತು. ಹದಿನೈದು ವರುಷಗಳಲ್ಲಿ ಅದು ಘಟ್ಟದ ಮೇಲೆಯೂ ಕೆಳಗೆಯೂ ಹಬ್ಬಿ, ತೆಂಕಲಲ್ಲಿ ಕಾಸರಗೋಡಿನ ಆಚೆಗೆ ತಲಪಿತು. ಅಲ್ಲಿಯ ಬೇಕಲ ಕೋಟೆಯು ಆತನು ಕಟ್ಟಿಸಿದ್ದೇ.

ಈ ರಾಜ್ಯದ ಜನರನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಲಿ. ಮಲೆನಾಡಿನಲ್ಲಿ ಅಡಿಕೆ ತೋಟದ ಹವ್ಯಕರು, ಗದ್ದೆಯ ಒಕ್ಕಲಿಗರು, ದೀವರು, ಲಿಂಗವಂತ ಸೆಟ್ಟಿಗಳು. ಘಟ್ಟದ ಕೆಳಗೆ ತುಳು ಮಾತಿನ ಬಂಟರೂ ಬಿಲ್ಲವರೂ, ಜೈನ ಅರಸುಮಕ್ಕಳು, ಭಟ್ಕಳದ ನವಾಯತ ಮುಸಲ್ಮಾನರು, ಕೊಂಕಣಿಯ ವ್ಯಾಪಾರಿಗಳು, ಮೊಗವೀರರು. ತೆಂಕಲಲ್ಲಿ ಮಲಯಾಳ ಮಾತು. ಮೆಣಸು ಮತ್ತು ಅಡಿಕೆ ಮಲೆನಾಡಿನಲ್ಲಿ ಬೆಳೆಯುತ್ತಿದ್ದವು, ಅಕ್ಕಿ ಕರಾವಳಿಯಲ್ಲಿ. ಹುಲಿಕಲ್ಲು, ಕೊಲ್ಲೂರು ಘಟ್ಟಗಳ ಹಾದಿಯಲ್ಲಿ ಹೇರೆತ್ತುಗಳು ಏರಿ ಇಳಿಯದಿದ್ದರೆ ಬಿದನೂರಿಗೆ ಹಣವೂ ಇಲ್ಲ, ಕುದುರೆಯೂ ಇಲ್ಲ. ಒಂದೇ ಜಾತಿಯವರ ಕೈಯಿಂದ ಇಂಥ ರಾಜ್ಯವು ಒಂದು ವರುಷವಾದರೂ ನಡೆಯಲಾರದು. ಇದನ್ನು ಶಿವಪ್ಪನಾಯಕನು ಚೆನ್ನಾಗಿ ಬಲ್ಲವನಾಗಿದ್ದನು.

ಆತನ ಕಾರ್ಯಗಳಲ್ಲಿ ಮುಖ್ಯವಾದದ್ದು ಶಿಸ್ತು. ಈಗ ನಾವು ಶಾಲೆಯ ಮಕ್ಕಳಿಗೆ ಶಿಸ್ತು ಎಂದು ಹೇಳುವದು ಬೇರೆ. ಆ ಕಾಲದಲ್ಲಿ ನೆಲದ ಕಂದಾಯವನ್ನು ಗೊತ್ತುಮಾಡಿದ ಕಟ್ಟಳೆಗೆ ಶಿಸ್ತು ಎಂದು ಹೆಸರು. ಬೇರೆ ಅರಸರು ಕಂದಾಯವನ್ನು ಹೇಗೆ ಗೊತ್ತುಮಾಡುತ್ತಿದ್ದರೆಂಬದು ಎಲ್ಲರಿಗೂ ತಿಳಿದದ್ದೇ. ಬೊಕ್ಕಸಕ್ಕೆ ಎಷ್ಟು ಬೇಕೋ ಅಷ್ಟನ್ನು ಸೀಮೆಯ ಮೇಲೆ ಹಂಚುವರು. ಮಳೆ ಬಂದರೂ ಸರಿ, ಹೋದರೂ ಸರಿ. ಶಿವಪ್ಪನಾಯಕನು ಹಾಗೆ ಮಾಡಲಿಲ್ಲ. ಆತನು ಪ್ರತಿ ಗ್ರಾಮದಲ್ಲಿ ಒಂದೊಂದು ತರದ ನೆಲಕ್ಕೂ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ತನ್ನ ಸ್ವಂತ ಖರ್ಚಿನಿಂದ ಸಾಗುವಳಿ ಮಾಡಿಸಿದನೆಂದು ಈ ಸೀಮೆಯ ಚರಿತ್ರೆಯಲ್ಲಿ ಹೇಳಲ್ಪಟ್ಟಿದೆ. ಒಂದು ವರುಷವಲ್ಲ, ಎರಡು ವರುಷವಲ್ಲ, ಹನ್ನೆರಡು ವರುಷ! ಬಿತ್ತಿದ ಬೀಜವೆಷ್ಟು, ಬೇಸಾಯಕ್ಕೆ ಬಿದ್ದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಆ ವರುಷ ಅದಕ್ಕೆ ಬಂದ ಬೆಲೆಯೆಷ್ಟು ಎಂಬದನ್ನೆಲ್ಲಾ ಬರೆಯಿಸಿದನು. ಆ ಕಾಲದಲ್ಲಿ ಲೆಕ್ಕವನ್ನು ಹುಣಿಸೆ ಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಬರೆಯುತ್ತಿದ್ದರು. ಅಂಥ ಲೆಕ್ಕವು ಹನ್ನೆರಡು ಮಳೆಗಾಲಗಳ ಮೇಲೆ ಹಾದುಬಂತು.

ಮಲೆನಾಡಿನ ಮಳೆಯನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಒಂದು ವರುಷ ಸಸಿ ಕೊಳೆಯುತ್ತದೆ, ಒಂದು ವರುಷ ಕಾಡುಹಂದಿ ನುಗ್ಗುತ್ತದೆ, ಒಂದು ವರುಷ ತೆನೆ ತುಂಬುವಾಗಲೇ ಮಳೆ ನಿಲ್ಲುತ್ತದೆ. ಅರಸನ ಗದ್ದೆಗೂ ಇದೇ ಗತಿಯಾಯಿತು, ಆ ನಷ್ಟವೂ ಲೆಕ್ಕದಲ್ಲಿ ಸೇರಿತು. ಆಮೇಲೆ ಆತನು ಬೆಳೆಯ ಮತ್ತು ಬೆಲೆಯ ಸರಾಸರಿಯನ್ನು ತೆಗೆದು, ಐವತ್ತು ಸೇರಿನ ಒಂದು ಖಂಡಗಕ್ಕೆ ಒಂದು ಹಣವೆಂದೂ, ಹತ್ತು ಹಣಕ್ಕೆ ಒಂದು ವರಹವೆಂದೂ ಹಿಡಿದು, ಒಟ್ಟು ಬೆಳೆಯಲ್ಲಿ ಮೂರರಲ್ಲೊಂದು ಪಾಲು ಅರಮನೆಗೆ ಎಂದು ನಿಶ್ಚಯಿಸಿದನು. ಮಣ್ಣನ್ನೂ ನೀರಿನ ಅನುಕೂಲವನ್ನೂ ನೋಡಿ ನೆಲವನ್ನು ಐದು ತರಗಳಾಗಿ ವಿಂಗಡಿಸಿದ್ದರಿಂದ ಗ್ರಾಮ ಗ್ರಾಮಕ್ಕೆ ದರವು ಬೇರೆಯಾಗಿತ್ತು. ಅಡಿಕೆ ತೋಟಕ್ಕೆ ಸಾವಿರ ಮರಗಳ ಲೆಕ್ಕವಿತ್ತು.

ಮೂರರಲ್ಲೊಂದು ಪಾಲು ಹಗುರವಾದ ಹೊರೆಯೆಂದು ನಾವು ಹೇಳುವದಿಲ್ಲ. ಐಗುಪ್ತದಲ್ಲಿ ಯೋಸೇಫನು ಫರೋಹನಿಗೆ ಗೊತ್ತುಮಾಡಿದ್ದು ಐದರಲ್ಲೊಂದು ಪಾಲೆಂದು ನಮ್ಮ ವಾಚಕರು ಕೂಡಲೇ ನೆನಸುವರು. ಆದರೂ ಗೊತ್ತಿದ್ದ ಹೊರೆಗೂ ಗೊತ್ತಿಲ್ಲದ ಹೊರೆಗೂ ಬಹಳ ಭೇದವುಂಟು. ಹವ್ಯಕನ ತೋಟವಾಗಲಿ, ದೀವರವನ ಗದ್ದೆಯಾಗಲಿ, ಜೈನನ ಭೂಮಿಯಾಗಲಿ, ಅಳತೆಯನ್ನು ಗೊತ್ತುಮಾಡಿದ್ದು ಮಣ್ಣು, ಹಿಡುವಳಿದಾರನ ಕುಲವಲ್ಲ. ಒಕ್ಕಲಿನವನ ಮುಂದೆ ಕೂತು ಸಿಹಿ ಮಾತಾಡುವ ಅಧಿಕಾರಿಗಳು ಎಲ್ಲಾ ಕಾಲದಲ್ಲಿಯೂ ಸಿಕ್ಕುವರು. ಅವನಿಂದ ಕೇಳುವದಕ್ಕೆ ಮುಂಚೆ ಅವನ ಕೆಲಸವನ್ನು ಹನ್ನೆರಡು ವರುಷ ತಾನೇ ಮಾಡಿಸಿ ನೋಡಿದವನು ಅಪರೂಪ. ಮನುಷ್ಯನನ್ನು ಗೌರವಿಸುವದೆಂದರೆ ಏನೆಂಬದಕ್ಕೆ ಈ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೇ ದೃಷ್ಟಾಂತವು ನಮಗೆ ಸಿಕ್ಕಿಲ್ಲ.

ಧರ್ಮದ ವಿಷಯದಲ್ಲಿ ಆತನು ವೀರಶೈವನು. ತನ್ನ ಮತದ ಮಠಗಳಿಗೆ ಧಾರಾಳವಾಗಿ ಕೊಟ್ಟನು. ಆದರೆ ಕೆಳದಿ ಅರಸರು ಶುದ್ಧ ವೈದಿಕ ಅದ್ವೈತ ಸಿದ್ಧಾಂತವನ್ನು ಸ್ಥಾಪಿಸಿದವರೆಂಬ ಬಿರುದನ್ನು ಸಹ ಹೊತ್ತಿದ್ದರು. ವೀರಶೈವರಾಗಿದ್ದು ಈ ಬಿರುದನ್ನು ಧರಿಸುವದು ಇಂದಿನವರಿಗೆ ಸೋಜಿಗವಾದೀತು! ಶೃಂಗೇರಿಯ ಮಠವು ಆತನ ಗುರುಮಠವಲ್ಲ. ಆದರೂ ಆ ಮಠದ ಖರ್ಚಿಗೆ ವರುಷದ ದಿನ ದಿನಕ್ಕೂ ಬೇಕಾದದ್ದನ್ನು, ಆಕಸ್ಮಿಕವಾದ ವೆಚ್ಚಗಳನ್ನು ಸಹ ಬಿಡದೆ, ಒಂದು ಪಟ್ಟಿಯಾಗಿ ಕಟ್ಟಳೆಮಾಡಿಕೊಟ್ಟನೆಂದು ತಿಳಿಯುತ್ತದೆ. ಗದ್ದೆಯ ಲೆಕ್ಕ ಬರೆಯಿಸಿದವನ ಬುದ್ಧಿಯೇ ಇಲ್ಲಿಯೂ ಕಾಣುತ್ತದೆ. ಒಟ್ಟಾರೆ ಒಂದು ಮೊತ್ತವನ್ನು ಎಸೆದು ದಾನಿಯೆನಿಸಿಕೊಳ್ಳುವದು ಸುಲಭ. ಬೇರೆ ಮತದವರ ಮನೆಯಲ್ಲಿ ಯಾವ ದಿನಕ್ಕೆ ಏನು ಬೇಕೆಂದು ವಿಚಾರಿಸುವದಕ್ಕೆ ತಾಳ್ಮೆ ಬೇಕು.

ವ್ಯಾಪಾರಕ್ಕೆ ಕೋಮಟಿಗರನ್ನೂ ಕೊಂಕಣಿಗರನ್ನೂ ಕರೆದು ತನ್ನ ರಾಜ್ಯದಲ್ಲಿ ನೆಲೆಗೊಳ್ಳುವಂತೆ ಉತ್ತೇಜನಕೊಟ್ಟನು. ಬಿದನೂರಿನ ಮನೆಗಳು ಲಕ್ಷಕ್ಕೆ ಸಮೀಪಿಸಿದವೆಂದು ಹಳಬರು ಹೇಳುವ ಲೆಕ್ಕವನ್ನು ನಾವು ಒಪ್ಪುವದಿಲ್ಲ. ಆದರೆ ಅದು ದೊಡ್ಡ ಪೇಟೆಯಾಯಿತೆಂಬದರಲ್ಲಿ ಸಂದೇಹವಿಲ್ಲ.

ಈಗ ನಮ್ಮ ವಾಚಕರಿಗೆ ಹತ್ತಿರವಾದ ಒಂದು ಸಂಗತಿ. ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಪೋರ್ತುಗೀಸರು ಕೋಟೆಗಳನ್ನು ಕಟ್ಟಿ, ಕನ್ನಡ ಕರಾವಳಿಯ ಅಕ್ಕಿ ಮೆಣಸುಗಳ ವ್ಯಾಪಾರವನ್ನು ಅದುಮಿ ಹಿಡಿದಿದ್ದರು. 1652ರಿಂದ 1654ರ ವರೆಗೆ ಶಿವಪ್ಪನಾಯಕನು ಯುದ್ಧಮಾಡಿ ಈ ಕೋಟೆಗಳನ್ನು ಒಂದೊಂದಾಗಿ ತಕ್ಕೊಂಡನು. ಪೋರ್ತುಗೀಸರು ಕ್ರೈಸ್ತರು. ಅದೇ ಕಾಲದಲ್ಲಿ ಗೋವೆಯಿಂದ ಕರಾವಳಿಗೆ ಇಳಿದುಬಂದ ಕೊಂಕಣಿ ಒಕ್ಕಲಿನವರೂ ಕ್ರೈಸ್ತರು, ರೋಮನ್ ಕಥೋಲಿಕ ಸಭೆಯವರು. ತೆರಿಗೆಯ ಭಾರದಿಂದಲೂ ಬರಗಾಲದಿಂದಲೂ 1560ರಿಂದ ಗೋವೆಯಲ್ಲಿ ನಡೆಯುತ್ತಿದ್ದ ಮತವಿಚಾರಣೆಯ ಹಿಂಸೆಯಿಂದಲೂ ನೊಂದ ಜನರು ಬಹುಕಾಲ ಗುಂಪು ಗುಂಪಾಗಿ ದೇಶ ಬಿಟ್ಟುಬರುತ್ತಿದ್ದರು. ಹೆಸರಿನಲ್ಲಿಯೂ ಆರಾಧನೆಯಲ್ಲಿಯೂ ಇವರು ಶತ್ರುವಿನಂತೆಯೇ ತೋರಿದರು. ಇವರನ್ನು ಶತ್ರುವಿನ ಲೆಕ್ಕಕ್ಕೆ ಸೇರಿಸಿ ಓಡಿಸಿದ್ದರೆ ಆ ಕಾಲದಲ್ಲಿ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಶಿವಪ್ಪನಾಯಕನು ಇವರ ಕೈಯ ಬೇಸಾಯದ ಜಾಣ್ಮೆಯನ್ನು ಕಂಡು ಇವರಿಗೆ ಸಾಗುವಳಿಗೆ ಭೂಮಿ ಕೊಟ್ಟನು. ಕೋಟೆಯ ಫಿರಂಗಿಯ ಹಿಂದೆ ನಿಂತ ಕ್ರೈಸ್ತನು ಬೇರೆ, ಗದ್ದೆಯ ಬದುವಿನ ಮೇಲೆ ನಿಂತ ಕ್ರೈಸ್ತನು ಬೇರೆ ಎಂಬ ವಿವೇಕವು ಆತನಿಗಿತ್ತು. ಇದರಿಂದ ಆತನ ಬೊಕ್ಕಸಕ್ಕೂ ಲಾಭವಾಯಿತು ಎಂದು ಕೆಲವರು ಹೇಳಬಹುದು. ಆಗಿರಲಿ. ಕೊಟ್ಟವನೂ ತಕ್ಕೊಂಡವನೂ ಇಬ್ಬರೂ ಉಂಡರೆ ಆ ವ್ಯವಹಾರದಲ್ಲಿ ಏನು ಕೇಡು?

ಆತನನ್ನು ದೇವದೂತನಂತೆ ಬರೆಯುವದು ನಮ್ಮ ಉದ್ದೇಶವಲ್ಲ. ಆತನು ಯುದ್ಧಪ್ರಿಯನು. ವಿಜಯನಗರದ ಕೊನೆಯ ರಾಯನಾದ ಶ್ರೀರಂಗರಾಯನು ದಿಕ್ಕಿಲ್ಲದೆ ಬಂದಾಗ ಆಶ್ರಯಕೊಟ್ಟದ್ದು ನಿಜ. ಆ ರಾಯನ ಹೆಸರಿನಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಗೆಲ್ಲಲಾರದೆ ಹಿಂದಿರುಗಿದ್ದೂ ನಿಜ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದುಂಟು. ಬಿದನೂರಿನ ಶಿಸ್ತಿನಲ್ಲಿ ನೆಲಕ್ಕೆ ಐದು ತರಗಳಿದ್ದವು, ಬೀಜಕ್ಕೆ ಅಳತೆಯಿತ್ತು, ಮರಕ್ಕೆ ಎಣಿಕೆಯಿತ್ತು; ಆ ನೆಲದಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದ ಜೀತದಾಳಿಗೆ ಪಾಲು ಇರಲಿಲ್ಲ. ಕಟ್ಟಳೆಯು ಅರಮನೆಗೂ ಹಿಡುವಳಿದಾರನಿಗೂ ನಡುವೆ ಆದದ್ದು. ಆತನು ಸತ್ತು ನೂರನಾಲ್ವತ್ತು ವರುಷಗಳಾದ ಮೇಲೆ, 1801ರಲ್ಲಿ, ಬುಕಾನನ್ ಎಂಬ ವೈದ್ಯನು ಕರಾವಳಿಯನ್ನೂ ಈ ಸೀಮೆಯನ್ನೂ ಸುತ್ತಿ ಬೇಸಾಯದ ಸ್ಥಿತಿಯನ್ನು ವಿಚಾರಿಸಿದಾಗಲೂ ಹುಟ್ಟಾಳುಗಳಿದ್ದರು; ಹುಟ್ಟುವಾಗಲೇ ಒಡೆಯನಿಗೆ ಸೇರಿದವರೆಂದು ಆ ಹೆಸರು. ಎಡವ ಮುರಾರಿಗಳ ಹೆಸರು ಅರಸರ ಬಿರುದಿನಲ್ಲಿ ಮೊಳಗುತ್ತಿದ್ದಾಗ, ಅವರಂಥ ಆಳುಗಳ ಮಕ್ಕಳು ಒಡೆಯನ ಹಟ್ಟಿಯಲ್ಲಿ ಹುಟ್ಟಾಳುಗಳಾಗಿಯೇ ಉಳಿದರು. ಅಂಥವರ ಮೊಮ್ಮಕ್ಕಳಲ್ಲಿ ಕೆಲವರು ಈ ಪುಟವನ್ನು ಓದುತ್ತಿರಬಹುದು. ಅವರಿಗೆ ಶಿವಪ್ಪನಾಯಕನ ಹೊಗಳಿಕೆಯು ಅರ್ಧ ತುಂಬಿದ ಕೊಳಗದಂತೆ ಕಂಡರೆ ನಾವು ಅದನ್ನು ತಪ್ಪೆನ್ನಲಾರೆವು.

1660ರಲ್ಲಿ ಶಿವಪ್ಪನಾಯಕನು ತೀರಿಕೊಂಡನು. ಕೆಲವು ವರುಷಗಳಲ್ಲಿ ಆತನ ಮಗನಾದ ಸೋಮಶೇಖರನಾಯಕನು ಪಟ್ಟವೇರಿದನು. ಅವನೂ ಹೋದ ಮೇಲೆ ಸೊಸೆಯಾದ ಚೆನ್ನಮ್ಮಾಜಿಯು ಸುಮಾರು ಇಪ್ಪತ್ತೈದು ವರುಷ ರಾಜ್ಯವಾಳಿದಳು. ಮಾವನ ರೀತಿಯು ಸೊಸೆಯಲ್ಲಿ ಉಳಿಯಿತು. ಆಕೆಯ ಕಾಲದಲ್ಲಿ, 1678ರ ಒಡಂಬಡಿಕೆಯ ಮೇಲೆ, ಕರಾವಳಿಯ ಕ್ರೈಸ್ತರಿಗೆ ದೇವಾಲಯಗಳನ್ನು ಕಟ್ಟಿಕೊಳ್ಳಲು ಅಪ್ಪಣೆಯಾಯಿತು. 1681ರಿಂದ 1684ರ ವರೆಗೆ ಗೋವೆಯ ಯೋಸೇಫ್ ವಾಜ್ ಎಂಬ ಪಾದ್ರಿಯು ಆ ಸೀಮೆಯಲ್ಲಿ ಸಂಚರಿಸಿ ಚದರಿದ ಕ್ರೈಸ್ತರನ್ನು ಕೂಡಿಸಿದನು. 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಕೆ ಹೆದರದೆ ಆಶ್ರಯಕೊಟ್ಟು, ಔರಂಗಜೇಬನ ದಂಡನ್ನು ಎದುರಿಸಿದಳು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು, ಅಲ್ಲಿಗೆ ಆ ಅರಸುತನವು ಮುಗಿಯಿತು. ಶಿವಪ್ಪನಾಯಕನ ಹೆಸರಿನಿಂದ ಶಿವಮೊಗ್ಗದಲ್ಲಿ ತೋರಿಸುವ ಅರಮನೆಯು ಸಹ ಹದಿನೆಂಟನೆಯ ಶತಮಾನದ ಕಟ್ಟಡವೇ ಹೊರತು ಆತನು ಕಟ್ಟಿದ್ದಲ್ಲ. ಆದರೆ ಅರಸುತನ ಹೋದ ಮೇಲೆಯೂ ಶಿಸ್ತು ಹೋಗಲಿಲ್ಲ. ಹೊಸ ದೊರೆಗಳು ಅದರ ಮೇಲೆ ಪಟ್ಟಿಗಳನ್ನು ಏರಿಸಿದರು. ಆದರೂ ನಗರದ ಸೀಮೆಯಲ್ಲಿ ಮೂಲ ಕಂದಾಯವೆಷ್ಟೆಂದು ಕೇಳಿದರೆ ಶಿವಪ್ಪನಾಯಕನ ಶಿಸ್ತನ್ನೇ ತೋರಿಸುತ್ತಿದ್ದರು. ಇಂಗ್ಲಿಷರ ಕಾಲದ ಅಧಿಕಾರಿಗಳೂ ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದಿಟ್ಟರು. ಈಗ ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಬೇಸಾಯವನ್ನೂ ತೋಟಗಾರಿಕೆಯನ್ನೂ ಕಲಿಸುವ ವಿಶ್ವವಿದ್ಯಾಲಯವಿದೆ. ಅದಕ್ಕೆ ಕೆಳದಿ ಶಿವಪ್ಪನಾಯಕನ ಹೆಸರನ್ನೇ ಇಟ್ಟಿದ್ದಾರೆ. ಎಲ್ಲಾ ಜಾತಿಯ ಹುಡುಗರೂ ಹುಡುಗಿಯರೂ ಅಲ್ಲಿ ಒಂದೇ ಗದ್ದೆಗೆ ಇಳಿದು, ಬಿತ್ತಿದ್ದೆಷ್ಟು ಬಂದದ್ದೆಷ್ಟು ಎಂದು ಲೆಕ್ಕ ಬರೆಯುತ್ತಾರೆ.